ನೈಟ್ ಶಿಫ್ಟ್ ಎಲ್ಲಿದೆ?



ಕಳೆದ ತಿಂಗಳ ನಮ್ಮ ಓದುಕೂಟದಲ್ಲಿ ಚರ್ಚೆಗೆ ಎತ್ತಿಕೊಂಡದ್ದು ಇಂದ್ರ ಸಿನ್ಹಾ ಅವರ ಇಂಗ್ಲಿಷ್ ಕಾದಂಬರಿ ‘ಅನಿಮಲ್ಸ್ ಪೀಪಲ್’. 2007ರಲ್ಲಿ ಪ್ರಕಟವಾಗಿ, ಅದೇ ವರ್ಷ ಬೂಕರ್ ಪ್ರಶಸ್ತಿಯ ಅಂತಿಮ ಪಟ್ಟಿ ಸೇರಿದ ಕೃತಿ. ಭೋಪಾಲದ ಅನಿಲ ದುರಂತಕ್ಕೆ 2024ರ ಡಿಸೆಂಬರಿನಲ್ಲಿ ನಲವತ್ತು ವರ್ಷ ತುಂಬಿದಾಗಲೇ ಓದಬೇಕೆಂದುಕೊಂಡಿದ್ದೆವು. ನಮ್ಮ ಎಲ್ಲ ಸಂಕಲ್ಪಗಳಂತೆ ಇದೂ ತಡವಾಯಿತು. ಪುಸ್ತಕ ಎಲ್ಲರಿಗೂ ಹಿಡಿಸಿತ್ತು. ಒಬ್ಬರಾದ ಮೇಲೊಬ್ಬರು ಹೊಗಳುತ್ತ ಹೋದೆವು. ಊಟಕ್ಕೆ ಏಳುವ ಹೊತ್ತಿಗೆ, ಅಲ್ಲಿಯವರೆಗೆ ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಹಿರಿಯರೊಬ್ಬರು ಬಾಯಿಬಿಟ್ಟರು. ಊರಲ್ಲೂ ಇಲ್ಲೂ ಸೇರಿ ಮೂವತ್ತು ವರ್ಷ ರಾಸಾಯನಿಕ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರು ಅವರು. “ಎಲ್ಲಾ ಸರಿ ಕಣ್ರಪ್ಪಾ, ಪುಸ್ತಕ ಚೆನ್ನಾಗಿದೆ. ಆದ್ರೆ ಇದರಲ್ಲಿ ನೈಟ್ ಶಿಫ್ಟ್ ಎಲ್ಲಿದೆ?”

ಬಿಸಿಬೇಳೆಭಾತ್ ಆರಿತು, ಪ್ರಶ್ನೆ ಆರಲಿಲ್ಲ. ಆಮೇಲೆ ಒಂದು ತಿಂಗಳು ಭೋಪಾಲದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆವು, ನೋಡಿದೆವು. ಈ ಬರಹ ಆ ಪ್ರಶ್ನೆಯ ಜೊತೆ ನಾವು ನಡೆಸಿದ ಜಗಳ ಎಂದುಕೊಳ್ಳಿ.

ಮೊದಲು ಕಾದಂಬರಿಯ ಮಾತು. ಭೋಪಾಲದ ಹೆಸರು ಇಲ್ಲಿ ಖೌಫ್‌ಪುರ, ಅಂದರೆ ಭಯದ ಊರು. ಯೂನಿಯನ್ ಕಾರ್ಬೈಡಿನ ಹೆಸರೂ ಇಲ್ಲ, ಬರೀ ‘ಕಂಪಾನಿ’. ಕತೆ ಹೇಳುವವನು ಹತ್ತೊಂಬತ್ತರ ಹುಡುಗ. ‘ಆ ರಾತ್ರಿ’ಗೆ ಕೆಲವೇ ದಿನ ಮುಂಚೆ ಹುಟ್ಟಿದವನು, ವಿಷದಿಂದ ಬೆನ್ನು ಬಾಗಿ ಕೈಕಾಲು ಊರಿ ನಡೆಯುವವನು. ಊರಿನ ಹುಡುಗರು ‘ಜಾನ್ವರ್’ ಎಂದು ಕರೆದದ್ದನ್ನೇ ಹೆಸರಾಗಿ ಇಟ್ಟುಕೊಂಡಿದ್ದಾನೆ. ಹೊರದೇಶದ ಪತ್ರಕರ್ತನೊಬ್ಬ ಕೊಟ್ಟುಹೋದ ಟೇಪ್ ರೆಕಾರ್ಡರಿಗೆ ತನ್ನ ಕತೆ ಹೇಳುತ್ತಾನೆ. ಅಧ್ಯಾಯಗಳೆಲ್ಲ ಟೇಪ್ ಒಂದು, ಟೇಪ್ ಎರಡು ಎಂದು ಸಾಗಿ ಇಪ್ಪತ್ತಮೂರಕ್ಕೆ ನಿಲ್ಲುತ್ತವೆ. ಓದುಗರನ್ನು ಆತ ಕರೆಯುವುದು ‘ಕಣ್ಣುಗಳೇ’ ಎಂದು. ಬಂದು ನೋಡಿ ಕಣ್ಣೀರು ಹಾಕಿ ವಾಪಸು ಹೋಗುವ ಕಣ್ಣುಗಳು ಅವನಿಗೆ ಹೊಸದೇನಲ್ಲ. ಓದುತ್ತಿದ್ದ ನಮಗೆ ಆ ಸಂಬೋಧನೆ ಪುಟಪುಟಕ್ಕೂ ಚುಚ್ಚಿತು.

ಸಿನ್ಹಾ ಅವರ ದೊಡ್ಡ ಸಾಧನೆ ಇರುವುದು ಭಾಷೆಯಲ್ಲಿ. ಹಿಂದಿ, ಉರ್ದು, ಫ್ರೆಂಚ್, ಬೀದಿಬೈಗುಳ ಎಲ್ಲವನ್ನೂ ಕಲಸಿದ ಇಂಗ್ಲಿಷ್ ಅದು. ಅನುಕಂಪ ಬೇಡುವ ಭಾಷೆಯಲ್ಲ, ಅನುಕಂಪದ ಮೂತಿಗೆ ತಿವಿಯುವ ಭಾಷೆ. ಮಾ ಫ್ರಾನ್ಸಿ ಎಂಬ ಫ್ರೆಂಚ್ ಸನ್ಯಾಸಿನಿಯ ಪಾತ್ರವನ್ನು ನೋಡಿ. ಆ ರಾತ್ರಿಯ ನಂತರ ಆಕೆಗೆ ಹಿಂದಿ, ಇಂಗ್ಲಿಷ್ ಎರಡೂ ಮರೆತುಹೋಗಿವೆ. ಬೇರೆಯವರು ಆಡುವುದು ಮಾತು ಎಂದೇ ಆಕೆಗೆ ಅನಿಸುವುದಿಲ್ಲ, ಬರೀ ಗದ್ದಲ. ಪಂಡಿತ್ ಸೋಮರಾಜ್ ಹೆಸರಾಂತ ಗಾಯಕ, ವಿಷಗಾಳಿಗೆ ಶ್ವಾಸಕೋಶ ಸುಟ್ಟು ಹಾಡು ಹೋಗಿದೆ. ಒಬ್ಬಳಿಗೆ ಮಾತು ತಿಳಿಯದು, ಒಬ್ಬನಿಗೆ ಹಾಡು ಬಾರದು, ಇನ್ನೊಬ್ಬ ಮಾತಿನ ಮಲ್ಲ ಆದರೆ ನೆಟ್ಟಗೆ ನಿಲ್ಲಲಾರ. ವಿಷ ಒಂದು ಊರಿನ ದೇಹಕ್ಕೆ ಏನು ಮಾಡಿತು ಎನ್ನುವುದರ ಜೊತೆಗೆ, ಅದರ ಮಾತಿಗೆ ಏನು ಮಾಡಿತು ಎಂಬುದನ್ನೂ ಇಷ್ಟು ಚೆನ್ನಾಗಿ ತೋರಿಸಿದ ಇನ್ನೊಂದು ಕೃತಿಯನ್ನು ನಾವು ಓದಿಲ್ಲ.

ಕೊರತೆಗಳೂ ಇವೆ. ನಿಷಾ ಎಂಬ ಹುಡುಗಿ, ಅವಳು ಮೆಚ್ಚಿದ ಹೋರಾಟಗಾರ ಜಾಫರ್ ಇಬ್ಬರೂ ತುಸು ಅತಿಯಾಗಿ ಒಳ್ಳೆಯವರು. ಕೊನೆಯ ಭಾಗದ ಬೆಂಕಿ, ಓಡಾಟ ಸಿನಿಮಾದಂತಿದೆ. ಆದರೆ ನಮ್ಮ ಹಿರಿಯರು ಎತ್ತಿದ ತಕರಾರು ಇವಕ್ಕಿಂತ ಆಳದ್ದು. ಕಾದಂಬರಿಯಲ್ಲಿ ಕಾರ್ಖಾನೆ ಇದೆ, ಪಾಳುಬಿದ್ದ ರೂಪದಲ್ಲಿ. ಗಿಡಬಳ್ಳಿ ಹಬ್ಬಿದ, ಹಕ್ಕಿಯ ದನಿಯಿಲ್ಲದ, ಹುಲ್ಲಿನಲ್ಲಿ ಮಿಡತೆಯೂ ಇಲ್ಲದ ಜಾಗ. ಓದಿದರೆ ಮೈ ಜುಮ್ಮೆನ್ನುವ ಪುಟಗಳು. ಆದರೆ ಆ ಕಾರ್ಖಾನೆ ಓಡುತ್ತಿದ್ದಾಗ ಒಳಗೆ ನಿಂತು ಅದನ್ನು ಓಡಿಸುತ್ತಿದ್ದವನು ಕತೆಯ ನಡುಮನೆಗೆ ಬರುವುದೇ ಇಲ್ಲ. ಕಂಪಾನಿ ಇದೆ, ಬಲಿಯಾದ ಬಸ್ತಿ ಇದೆ. ನಡುವೆ ಇದ್ದ ಕೆಲಸಗಾರ ಇಲ್ಲ. ಹಾಗಾಗಿ ‘ಆ ರಾತ್ರಿ’ ಆಕಾಶದಿಂದ ಬಿದ್ದ ಪ್ರಳಯದಂತೆ ಕಾಣುತ್ತದೆ. ಪ್ರಳಯಕ್ಕೆ ಕಾರಣ ಕೇಳುವವರು ಯಾರು?

ಅದು ಪ್ರಳಯವಾಗಿರಲಿಲ್ಲ. 1984ರ ಡಿಸೆಂಬರ್ 2ರ ಆ ಪಾಳಿಯನ್ನು ಸ್ವಲ್ಪ ನೋಡೋಣ. ಭೋಪಾಲದ ಕಾರ್ಖಾನೆ ತಯಾರಿಸುತ್ತಿದ್ದದ್ದು ಸೆವಿನ್ ಎಂಬ ಕೀಟನಾಶಕ. ಅದಕ್ಕೆ ಬೇಕಾದ ಮಿಥೈಲ್ ಐಸೊಸಯನೇಟ್ ದ್ರವವನ್ನು ನೆಲದಡಿಯ ಟ್ಯಾಂಕುಗಳಲ್ಲಿ ತುಂಬಿಡುತ್ತಿದ್ದರು. 610ನೇ ಟ್ಯಾಂಕಿನಲ್ಲಿ ಆ ರಾತ್ರಿ ಸುಮಾರು 40 ಟನ್ ಇತ್ತು. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ತಣ್ಣಗಿರಬೇಕಾದ ವಸ್ತು ಅದು. ತಣ್ಣಗಿಡುವ ಯಂತ್ರವನ್ನು ಜೂನ್ ತಿಂಗಳಿನಿಂದಲೇ ನಿಲ್ಲಿಸಲಾಗಿತ್ತು. ಸೋರಿದ ಅನಿಲವನ್ನು ಕಾಸ್ಟಿಕ್ ಸೋಡಾದಲ್ಲಿ ತೊಳೆಯುವ ಸ್ಕ್ರಬ್ಬರ್ ಸುಮ್ಮನೆ ನಿಂತಿತ್ತು. ಉಳಿದದ್ದನ್ನು ಸುಡಬೇಕಾದ ಗೋಪುರದ ಪೈಪಿನ ಒಂದು ತುಂಡನ್ನು ರಿಪೇರಿಗೆಂದು ಬಿಚ್ಚಿದ್ದರು. ಕೊನೆಗೆ ಹಾಯಿಸಿದ ನೀರು ಅನಿಲ ಹೊರಬೀಳುತ್ತಿದ್ದ ಎತ್ತರಕ್ಕೆ ಮುಟ್ಟಲಿಲ್ಲ. ಖರ್ಚು ಇಳಿಸುವ ನೆಪದಲ್ಲಿ ಆ ಘಟಕದ ಕೆಲಸಗಾರರನ್ನು 12ರಿಂದ 6ಕ್ಕೆ ಇಳಿಸಿದ್ದರು. ರಾತ್ರಿಪಾಳಿಯ ಮೇಂಟೆನೆನ್ಸ್ ಸೂಪರ್‌ವೈಸರ್ ಹುದ್ದೆಯನ್ನು ಕೆಲವೇ ದಿನ ಹಿಂದೆ ತೆಗೆದುಹಾಕಿದ್ದರು.

ಆ ರಾತ್ರಿ ಪೈಪುಗಳನ್ನು ನೀರಿನಿಂದ ತೊಳೆಯುತ್ತಿದ್ದರು. ತೊಳೆಯುವಾಗ ನೀರು ಆಚೆಗೆ ನುಗ್ಗದಂತೆ ಪೈಪಿಗೆ ಅಡ್ಡಲಾಗಿ ಒಂದು ಲೋಹದ ಬಿಲ್ಲೆ ಸೇರಿಸಬೇಕು, ಅದನ್ನು ಸೇರಿಸಿರಲಿಲ್ಲ. ಆ ದಾರಿಯಿಂದಲೇ ನೀರು ಟ್ಯಾಂಕಿಗೆ ಇಳಿಯಿತು ಎನ್ನುವುದು ಕೆಲಸಗಾರರ ವಾದ. 10.20ಕ್ಕೆ ಒತ್ತಡದ ಮಾಪಕ 2 ಎಂದು ತೋರಿಸುತ್ತಿತ್ತು. ಪಾಳಿ ಬದಲಾದ ಮೇಲೆ, 11 ಗಂಟೆಗೆ, 10. ಅದೂ ನಿಗದಿತ ಮಿತಿಯ ಒಳಗೇ ಇದ್ದದ್ದರಿಂದ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. 11.30ರ ಸುಮಾರಿಗೆ ಕಣ್ಣು ಉರಿಯತೊಡಗಿತು. ಕಣ್ಣುರಿ ಅಲ್ಲಿ ಹೊಸದಲ್ಲ. ಸೋರಿಕೆ ಪತ್ತೆ ಮಾಡಲು ಅವರಿಗಿದ್ದ ಉಪಕರಣವೇ ಅವರ ಕಣ್ಣು. ಟೀ ಕುಡಿದು ನೋಡೋಣ ಎಂದುಕೊಂಡರು. ಟೀ ಮುಗಿಯುವಷ್ಟರಲ್ಲಿ ಕೈಮೀರಿತ್ತು.

ಈ ಟೀ ಪ್ರಸಂಗವನ್ನು ಓದಿದಾಗ ನಮ್ಮಲ್ಲಿ ಒಬ್ಬರು, “ಅಯ್ಯೋ, ಎಂಥ ಬೇಜವಾಬ್ದಾರಿ!” ಎಂದರು. ಹಿರಿಯರು ತಲೆ ಅಲ್ಲಾಡಿಸಿದರು. “ಅಲ್ಲಮ್ಮ. ದಿನಾ ಕಣ್ಣು ಉರೀತಿದ್ರೆ ಒಂದು ದಿನದ ಉರಿ ಬೇರೆ ಅಂತ ಹೆಂಗೆ ಗೊತ್ತಾಗುತ್ತೆ? ಬೇಜವಾಬ್ದಾರಿ ಶುರುವಾಗಿದ್ದು ಆ ಟೀಯಿಂದ ಅಲ್ಲ, ಮೊದಲ ಸಲ ಕಣ್ಣು ಉರಿದಾಗ ಯಾರೂ ರಿಪೇರಿ ಮಾಡಲಿಲ್ಲವಲ್ಲ, ಅಲ್ಲಿಂದ.” ನಮ್ಮ ಇಡೀ ಚರ್ಚೆಯಲ್ಲಿ ಇಷ್ಟು ಬೆಲೆಯುಳ್ಳ ಮಾತು ಇನ್ನೊಂದು ಬರಲಿಲ್ಲ.

ಈ ಕೆಲಸಗಾರ ಬೇರೆ ಕೃತಿಗಳಲ್ಲಿ ಇದ್ದಾನೆಯೇ? ಡೊಮಿನಿಕ್ ಲಾಪಿಯೆರ್ ಮತ್ತು ಹಾವಿಯೆರ್ ಮೋರೊ ಬರೆದ ‘ಫೈವ್ ಪಾಸ್ಟ್ ಮಿಡ್‌ನೈಟ್ ಇನ್ ಭೋಪಾಲ್’ (2001ರಲ್ಲಿ ಫ್ರೆಂಚಿನಲ್ಲಿ ಬಂದು ಆಮೇಲೆ ಇಂಗ್ಲಿಷಾದದ್ದು) ಕಾರ್ಖಾನೆಯ ಒಳಗೆ ಕರೆದೊಯ್ಯುತ್ತದೆ. ಎಂಜಿನಿಯರುಗಳು, ಆಪರೇಟರುಗಳು, ಬಸ್ತಿಯವರು ಎಲ್ಲರೂ ಸಿಗುತ್ತಾರೆ. ಮಾಹಿತಿ ಹೇರಳ, ಆದರೆ ಲೇಖಕರು ಎಲ್ಲರ ಬಾಯಿಗೂ ಮಾತು ತುಂಬಿ, ಎಲ್ಲರ ಕಣ್ಣಲ್ಲೂ ನೀರು ತರಿಸಿಬಿಡುತ್ತಾರೆ. ರವಿಕುಮಾರ್ ನಿರ್ದೇಶಿಸಿದ ‘ಭೋಪಾಲ್: ಎ ಪ್ರೇಯರ್ ಫಾರ್ ರೇನ್’ (2014) ಚಿತ್ರ ಧೈರ್ಯ ಮಾಡಿ ಕೆಲಸಗಾರನನ್ನೇ ನಾಯಕನನ್ನಾಗಿ ಮಾಡಿದೆ. ರಾಜ್‌ಪಾಲ್ ಯಾದವ್ ಅಭಿನಯಿಸಿದ ರಿಕ್ಷಾ ತುಳಿಯುವವನೊಬ್ಬ ಕಾರ್ಖಾನೆಗೆ ಸೇರುತ್ತಾನೆ. ಸಂಬಳದ ಆಸೆ, ಸಮವಸ್ತ್ರದ ಹೆಮ್ಮೆ, ಅಪಾಯದ ಅರಿವು ಮೂರೂ ಅವನೊಳಗೆ ಗುದ್ದಾಡುತ್ತವೆ. ಚಿತ್ರ ಅಲ್ಲಲ್ಲಿ ಸಡಿಲ, ಆದರೆ ಹೊಟ್ಟೆಪಾಡು ಮತ್ತು ಸುರಕ್ಷತೆ ಒಂದೇ ತಟ್ಟೆಯಲ್ಲಿ ಬಂದಾಗ ಬಡವ ಯಾವುದನ್ನು ಆರಿಸಿಕೊಳ್ಳುತ್ತಾನೆ ಎಂಬುದನ್ನು ಮರೆಮಾಚದೆ ತೋರಿಸುತ್ತದೆ.

ಕೆಲಸಗಾರನೇ ಮುಖ್ಯ ಪಾತ್ರವಾಗಿರುವ ಇನ್ನೊಂದು ಕತೆ ಇದೆ, ಬರೆದವರು ಕಂಪನಿಯವರು! ಯಾರೋ ಅತೃಪ್ತ ಕೆಲಸಗಾರ ಬೇಕೆಂದೇ ಟ್ಯಾಂಕಿಗೆ ನೀರು ಬಿಟ್ಟ ಎನ್ನುವುದು ಯೂನಿಯನ್ ಕಾರ್ಬೈಡಿನ ವಾದ. ಆ ಆರೋಪದ ಮೇಲೆ ಯಾವ ಕೆಲಸಗಾರನ ಮೇಲೂ ಮೊಕದ್ದಮೆ ನಡೆಯಲಿಲ್ಲ. ಒಂದು ಕ್ಷಣ ಆ ವಾದವನ್ನೇ ಒಪ್ಪಿಕೊಂಡರೂ, ನಿಂತ ಶೀತಲಯಂತ್ರ, ಬಿಚ್ಚಿದ ಪೈಪು, ಅರ್ಧಕ್ಕಿಳಿದ ಪಾಳಿ ಇವಕ್ಕೆ ಅದರಲ್ಲಿ ಉತ್ತರವಿಲ್ಲ. ಸಾಹಿತ್ಯ ಖಾಲಿ ಬಿಟ್ಟ ಜಾಗ ಖಾಲಿ ಉಳಿಯುವುದಿಲ್ಲ. ನಾವು ಕೆಲಸಗಾರನ ಕತೆ ಬರೆಯದಿದ್ದರೆ ಅವನನ್ನು ಖಳನನ್ನಾಗಿಸಿ ಬರೆಯಲು ಬೇರೆಯವರು ಸಿದ್ಧರಿರುತ್ತಾರೆ.

ಹಾಗಾದರೆ ‘ಮುಂಚಿನ ಕತೆ’ ಬರೆದವರು ಯಾರೂ ಇಲ್ಲವೇ? ಇದ್ದರು, ಅದೂ ಭೋಪಾಲದಲ್ಲೇ, ಹಿಂದಿಯಲ್ಲೇ. 1981ರ ಡಿಸೆಂಬರಿನಲ್ಲಿ ಕಾರ್ಖಾನೆಯ ಕೆಲಸಗಾರನೊಬ್ಬ ಫಾಸ್ಜೀನ್ ಅನಿಲಕ್ಕೆ ಸಿಕ್ಕಿ ಸತ್ತ. ಆತ ಪತ್ರಕರ್ತ ರಾಜ್‌ಕುಮಾರ್ ಕೇಸ್ವಾನಿ ಅವರ ಗೆಳೆಯ. ಗೆಳೆಯ ಸತ್ತದ್ದೇಕೆ ಎಂದು ಹುಡುಕುತ್ತ ಹೊರಟ ಕೇಸ್ವಾನಿ 1982ರಲ್ಲಿ ತಮ್ಮ ಪುಟ್ಟ ವಾರಪತ್ರಿಕೆ ‘ರಪಟ್’ನಲ್ಲಿ ಸರಣಿ ಲೇಖನಗಳನ್ನು ಬರೆದರು, ಊರು ಜ್ವಾಲಾಮುಖಿಯ ಬಾಯಲ್ಲಿ ಕೂತಿದೆ ಎಂದು ಎಚ್ಚರಿಸಿದರು. 1984ರ ಜೂನ್‌ನಲ್ಲಿ ‘ಜನಸತ್ತಾ’ದಲ್ಲಿ ಮತ್ತೊಮ್ಮೆ ಬರೆದರು. ಯಾರೂ ಕಿವಿಗೊಡಲಿಲ್ಲ. 1982ರ ಮೇ ತಿಂಗಳಲ್ಲಿ ಅಮೆರಿಕದಿಂದ ಬಂದ ಕಂಪನಿಯದೇ ತಜ್ಞರು ಕಾರ್ಖಾನೆಯ ದೋಷಗಳನ್ನು ಪಟ್ಟಿ ಮಾಡಿದ್ದರು. ಆ ಪಟ್ಟಿ ಇಂಗ್ಲಿಷಿನಲ್ಲಿತ್ತು. ಕಾರ್ಖಾನೆ ನಡೆಸುವ ಕೈಪಿಡಿಗಳೂ ಇಂಗ್ಲಿಷಿನಲ್ಲೇ. ಅದನ್ನು ಸಲೀಸಾಗಿ ಓದಬಲ್ಲವರು ಕೆಲಸಗಾರರಲ್ಲಿ ಎಲ್ಲರೂ ಆಗಿರಲಿಲ್ಲ. ಅಪಾಯ ಗೊತ್ತಿದ್ದವರ ಭಾಷೆ ಅಪಾಯದಲ್ಲಿ ನಿಂತವರಿಗೆ ಬಾರದು. ಅಪಾಯದಲ್ಲಿ ನಿಂತವರ ಭಾಷೆಯಲ್ಲಿ ಬಂದ ಎಚ್ಚರಿಕೆಯನ್ನು ಅಧಿಕಾರದಲ್ಲಿದ್ದವರು ಓದರು. ಊರಿಗೆ ಕೇಳಿಸಬೇಕಾದ ಸೈರನ್ನನ್ನೂ ಆ ರಾತ್ರಿ ತುಸು ಹೊತ್ತು ಕೂಗಿಸಿ ನಿಲ್ಲಿಸಿಬಿಟ್ಟರು, ಜನ ಗಾಬರಿಯಾಗಬಾರದು ಎಂಬ ನಿಯಮವಿತ್ತಂತೆ! ಮಾ ಫ್ರಾನ್ಸಿಗೆ ಬೇರೆಯವರ ಮಾತೆಲ್ಲ ಗದ್ದಲವಾಗಿ ಕೇಳಿದ್ದು ಆ ರಾತ್ರಿಯ ನಂತರ; ಕಾರ್ಖಾನೆಯ ಯಜಮಾನರಿಗೆ ಆ ಕಾಯಿಲೆ ಅದಕ್ಕೂ ಮುಂಚೆಯೇ ಇತ್ತು.

ಇಲ್ಲಿ ಕನ್ನಡಿಗರ ಮನೆಬಾಗಿಲಿನ ಒಂದು ಮಾತು. ಕೀಟನಾಶಕದ ಕಾರ್ಖಾನೆ ನಮ್ಮ ಪಕ್ಕದಲ್ಲಿ ಇರಲೇಬೇಕೆಂದಿಲ್ಲ, ಅದರಲ್ಲಿ ತಯಾರಾದದ್ದು ಡಬ್ಬಿಯಲ್ಲಿ ನಮ್ಮೂರಿಗೇ ಬರುತ್ತದೆ. ಕಾಸರಗೋಡಿನ ಗೇರುತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದ ಕಾಲ. 1979ರ ಸುಮಾರಿಗೇ ಪಡ್ರೆಯಲ್ಲಿ ಅಂಗವೈಕಲ್ಯದ ಕರುಗಳು ಹುಟ್ಟಿದ್ದನ್ನು ಕಂಡು ಅನುಮಾನಿಸಿ ಬರೆದವರು ಶ್ರೀ ಪಡ್ರೆ, ಮುಂದೆ ‘ಅಡಿಕೆ ಪತ್ರಿಕೆ’ಯಿಂದ ನಮಗೆಲ್ಲ ಪರಿಚಿತರಾದವರು. ಸಿಂಪಡಣೆ ನಿಂತದ್ದು 2000ದ ಕೊನೆಗೆ, ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ದೇಶದಲ್ಲೇ ತಡೆದದ್ದು 2011ರಲ್ಲಿ. ಆ ಪ್ರದೇಶವನ್ನೇ ವಸ್ತುವಾಗಿಸಿಕೊಂಡು ಅಂಬಿಕಾಸುತನ್ ಮಾಂಗಾಡ್ 2009ರಲ್ಲಿ ‘ಎಣ್ಮಕಜೆ’ ಎಂಬ ಮಲಯಾಳ ಕಾದಂಬರಿ ಬರೆದರು. ಊರ ಹೆಸರು ನಮ್ಮದು, ಕಾದಂಬರಿ ಪಕ್ಕದವರದು. ಅಸೂಯೆಯಿಂದ ಹೇಳುತ್ತಿಲ್ಲ. ಕರುವಿನ ಕಾಲು ನೋಡಿ ಬರೆದ ಒಂದು ಪುಟ್ಟ ಲೇಖನಕ್ಕೂ ಕಾದಂಬರಿಗೂ ನಡುವೆ ಮೂವತ್ತು ವರ್ಷದ ಅಂತರವಿದೆಯಲ್ಲ, ಆ ಅಂತರವೇ ನಮ್ಮ ಚಿಂತೆ. ಸಾಹಿತ್ಯ ಯಾಕೆ ಯಾವಾಗಲೂ ಶವಯಾತ್ರೆಯ ಹೊತ್ತಿಗೆ ಬರುತ್ತದೆ?

ಇನ್ನು ನಾವಿರುವ ನೆಲದ ಮಾತು. “ನಮ್ಮ ಜನ ಹಾಗೇ, ಇಲ್ಲಿ ಅಂಥದ್ದೆಲ್ಲ ನಡೆಯೋಲ್ಲ” ಎನ್ನುವ ಮಾತು ನಮ್ಮ ಕೂಟದಲ್ಲೂ ಬಂತು. ನಡೆದಿದೆ. ಭೋಪಾಲವಾಗಿ ಎಂಟು ತಿಂಗಳಿಗೆ, 1985ರ ಆಗಸ್ಟ್ 11ರಂದು, ಪಶ್ಚಿಮ ವರ್ಜೀನಿಯಾದ ಇನ್‌ಸ್ಟಿಟ್ಯೂಟ್ ಎಂಬ ಊರಿನಲ್ಲಿ ಅದೇ ಕಂಪನಿಯ ಕಾರ್ಖಾನೆಯಿಂದ ಆಲ್ಡಿಕಾರ್ಬ್ ಆಕ್ಸೈಮ್ ಸೋರಿ ಸುಮಾರು 135 ಜನ ಆಸ್ಪತ್ರೆ ಸೇರಿದರು. ಅನಿಲ ಎತ್ತ ಹರಡುತ್ತದೆಂದು ಲೆಕ್ಕ ಹಾಕಲು ಕಂಪ್ಯೂಟರ್ ಇಟ್ಟಿದ್ದರು. ಪಾಪ, ಅದಕ್ಕೆ ಈ ರಾಸಾಯನಿಕದ ಹೆಸರನ್ನೇ ಹೇಳಿಕೊಟ್ಟಿರಲಿಲ್ಲ. ಮುಂದೆ ಆ ಕಾರ್ಖಾನೆ ಕೈಬದಲಾಗಿ ಬೇಯರ್ ಕಂಪನಿಗೆ ಸೇರಿತು. 2008ರ ಆಗಸ್ಟ್ 28ರ ರಾತ್ರಿ ಅಲ್ಲಿ ಸ್ಫೋಟವಾಗಿ ಇಬ್ಬರು ಕೆಲಸಗಾರರು ಸತ್ತರು. ಭೋಪಾಲದಲ್ಲಿ ಸೋರಿದ ಅದೇ ಮಿಥೈಲ್ ಐಸೊಸಯನೇಟಿನ ಟ್ಯಾಂಕು ನೂರಡಿಯೊಳಗೇ ಇತ್ತು.

ಆ ಸ್ಫೋಟದ ಬಗ್ಗೆ ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿ 2011ರಲ್ಲಿ ಕೊಟ್ಟ ವರದಿಯನ್ನು ನಮ್ಮ ಹಿರಿಯರು ಎಲ್ಲರಿಗೂ ಮಿಂಚಂಚೆಯಲ್ಲಿ ಕಳಿಸಿದ್ದರು. ಸಾಹಿತ್ಯದ ಕೂಟಕ್ಕೆ ಸರ್ಕಾರಿ ವರದಿಯೇ ಎಂದು ಮೂಗು ಮುರಿದವರೂ ಓದಿದೆವು. ಅದರಲ್ಲಿ ಉಪಮೆ ಇಲ್ಲ, ಕಣ್ಣೀರಿಲ್ಲ. ಆದರೆ ಕತೆ ಶುರುವಾಗುವುದು ಸ್ಫೋಟಕ್ಕಿಂತ ಬಹಳ ಮುಂಚೆ. ಹೊಸ ಕಂಪ್ಯೂಟರ್ ನಿಯಂತ್ರಣ ವ್ಯವಸ್ಥೆ ಹಾಕಿದ್ದರು, ಅದರ ತರಬೇತಿ ಸಾಲದಾಗಿತ್ತು. ಯಂತ್ರ ಮತ್ತೆ ಚಾಲೂ ಮಾಡುವ ಮುನ್ನ ಮಾಡಬೇಕಾದ ತಪಾಸಣೆ ಸರಿಯಾಗಿ ಆಗಿರಲಿಲ್ಲ. ತಾನಾಗಿ ತಡೆಯುವ ಇಂಟರ್‌ಲಾಕ್‌ಗಳನ್ನು ದಾಟಿ ಕೆಲಸ ನಡೆದಿತ್ತು. ಒಂದೊಂದೂ ಸಣ್ಣ ವಿಷಯವೇ, ನಮ್ಮ ಅಡುಗೆಮನೆಯ ಗ್ಯಾಸಿನ ರೆಗ್ಯುಲೇಟರ್ ಆಫ್ ಮಾಡದೆ ಮಲಗುವಷ್ಟೇ ಸಣ್ಣದು. ಸತ್ತ ಇಬ್ಬರ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಳ್ಳದೆ, ಅವರನ್ನು ಅಲ್ಲಿ ನಿಲ್ಲಿಸಿದ ತೀರ್ಮಾನಗಳನ್ನು ಆ ವರದಿ ಒಂದೊಂದಾಗಿ ಹಿಂದಕ್ಕೆ ಬೆನ್ನಟ್ಟುತ್ತದೆ. ಸಿನ್ಹಾ ಅವರ ಕಾದಂಬರಿಗೆ ಇರುವ ಜೀವ ಈ ವರದಿಗೆ ಇಲ್ಲ, ವರದಿಗೆ ಇರುವ ಮುಂಚಿನ ದಿನಗಳು ಕಾದಂಬರಿಗೆ ಇಲ್ಲ. ಎರಡನ್ನೂ ಕೂಡಿಸಿ ಬರೆಯುವ ಒಬ್ಬ ಲೇಖಕ ಬೇಕಾಗಿದ್ದಾನೆ, ಕನ್ನಡದಲ್ಲಾದರೆ ಇನ್ನೂ ಸಂತೋಷ.

ಸಿನ್ಹಾ ಅವರ ಮೇಲೆ ಇದು ಅನ್ಯಾಯದ ಟೀಕೆ ಎನ್ನುವವರೂ ಇದ್ದಾರೆ. ಅವರು ಬರೆಯಲು ಹೊರಟದ್ದು ಉಳಿದವರ ಕತೆ, ಸತ್ತವರದ್ದಲ್ಲ, ಕಾರ್ಖಾನೆಯದ್ದಂತೂ ಅಲ್ಲ. ಭೋಪಾಲದ ಸಂತ್ರಸ್ತರ ಉಚಿತ ಚಿಕಿತ್ಸಾಲಯಕ್ಕಾಗಿ 1994ರಿಂದ ಜಾಹೀರಾತು ಬರೆದು ಹಣ ಎತ್ತಲು ನೆರವಾದವರು ಅವರು, ಬರೀ ಮಾತಿನವರಲ್ಲ. ಒಪ್ಪುತ್ತೇವೆ. ಉಳಿದವರ ಕತೆ ಇನ್ನೂ ಮುಗಿದಿಲ್ಲ ಎಂಬುದನ್ನೂ ಒಪ್ಪುತ್ತೇವೆ. ಸರ್ಕಾರದ ಮೊದಲ ಲೆಕ್ಕದಲ್ಲಿ ಸತ್ತವರು 2,259, ಆಮೇಲೆ ಮಧ್ಯಪ್ರದೇಶ ಸರ್ಕಾರ 3,787 ಎಂದಿತು, ಸಂತ್ರಸ್ತರ ಸಂಘಟನೆಗಳ ಅಂದಾಜು ಇದರ ಹಲವು ಪಟ್ಟು. 1989ರಲ್ಲಿ 47 ಕೋಟಿ ಡಾಲರಿಗೆ ರಾಜಿಯಾಯಿತು. ಪರಿಹಾರ ಹೆಚ್ಚಿಸಬೇಕೆಂಬ ಕೇಂದ್ರ ಸರ್ಕಾರದ ಕೊನೆಯ ಅರ್ಜಿಯನ್ನು 2023ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಕಾರ್ಖಾನೆಯ ಅಂಗಳದಲ್ಲಿ ಬಿದ್ದಿದ್ದ 337 ಟನ್ ವಿಷದ ಕಸವನ್ನು ಪೀಥಂಪುರಕ್ಕೆ ಒಯ್ದು ಸುಟ್ಟದ್ದು 2025ರಲ್ಲಿ. ಹೀಗಿರುವಾಗ ‘ಆ ರಾತ್ರಿ ಇನ್ನೂ ಮುಗಿದಿಲ್ಲ’ ಎಂದು ಸಾರುವ ಕಾದಂಬರಿಯ ಬೆಲೆ ಕಡಿಮೆಯಾಗುವುದಿಲ್ಲ. ಆ ರಾತ್ರಿ ಯಾವಾಗ ಶುರುವಾಯಿತು ಎಂದೂ ಕೇಳಬೇಕು ಎನ್ನುವುದಷ್ಟೇ ನಮ್ಮ ಮಾತು.

ಕಾದಂಬರಿಯಲ್ಲಿ ಎಲ್ಲಿ ಎಂಬ ಅಮೆರಿಕನ್ ವೈದ್ಯೆ ಬರುತ್ತಾಳೆ, ಉಚಿತ ಆಸ್ಪತ್ರೆ ತೆರೆಯುತ್ತಾಳೆ, ಊರಿನವರು ಆಕೆಯನ್ನು ನಂಬುವುದಿಲ್ಲ. ಓದುವಾಗ ನಮಗೆ ಆಕೆಯ ಮೇಲೆ ಕನಿಕರ ಬಂತು, ಯಾಕೆಂದರೆ ನಾವೂ ಆಕೆಯ ಕಡೆಯವರೇ. ಯೂನಿಯನ್ ಕಾರ್ಬೈಡಿನ ಮುಖ್ಯ ಕಚೇರಿ ಆಗ ಇದ್ದದ್ದು ನಮ್ಮ ಕನೆಕ್ಟಿಕಟ್ಟಿನ ಡ್ಯಾನ್‌ಬರಿಯಲ್ಲಿ. ನಮ್ಮಲ್ಲಿ ಕೆಲವರು ದಿನಾ ಹೆದ್ದಾರಿ 84ರಲ್ಲಿ ಆ ಕಡೆಯಿಂದಲೇ ಕೆಲಸಕ್ಕೆ ಹೋಗುತ್ತೇವೆ. ಮರಗಳ ಮರೆಯ ಆ ಭಾರೀ ಕಟ್ಟಡಕ್ಕೆ ಈಗ ಬೇರೆ ಹೆಸರು, ಬೇರೆ ಬಾಡಿಗೆದಾರರು.

ಇನ್ನೊಂದು ವಿಷಯ ನಮಗೆ ಹೊಳೆದದ್ದು ತಡವಾಗಿ. ಭೋಪಾಲ ಮತ್ತು ಇನ್‌ಸ್ಟಿಟ್ಯೂಟಿನ ನಂತರ, 1986ರಲ್ಲಿ, ಅಮೆರಿಕ ಒಂದು ಕಾನೂನು ಮಾಡಿತು. ಪಕ್ಕದ ಕಾರ್ಖಾನೆಯಲ್ಲಿ ಯಾವ ಅಪಾಯಕಾರಿ ರಾಸಾಯನಿಕ ಎಷ್ಟಿದೆ ಎಂದು ತಿಳಿಯುವ ಹಕ್ಕು ಇಲ್ಲಿನ ನಿವಾಸಿಗಳಿಗೆ ಅದರಿಂದ ಬಂತು. ನಮ್ಮ ಮಕ್ಕಳ ಶಾಲೆಯ ಹತ್ತಿರ ಏನು ತುಂಬಿಟ್ಟಿದ್ದಾರೆ ಎಂದು ನಾವು ಕೇಳಬಹುದು. ಈ ಹಕ್ಕಿಗೆ ಬೆಲೆ ತೆತ್ತವರಲ್ಲಿ ಭೋಪಾಲದ ಜೆ.ಪಿ. ನಗರ ಬಸ್ತಿಯವರು ಮೊದಲಿಗರು. ದೇವಋಣ, ಪಿತೃಋಣಗಳ ಪಟ್ಟಿಯಲ್ಲಿ ಇದೂ ಒಂದು ಋಣ ಎಂದು ನಮಗೆ ಅನಿಸುತ್ತದೆ.

ತೀರಿಸುವ ದಾರಿ? ದೊಡ್ಡ ಮಾತು ಬೇಡ, ಸಣ್ಣದೊಂದು ಕೋರಿಕೆ ಸಾಕು. ಈ ಪತ್ರ ತಲುಪುವ ಮನೆಗಳಲ್ಲಿ ಔಷಧ, ಬಣ್ಣ, ಗೊಬ್ಬರ, ಪ್ಲಾಸ್ಟಿಕ್ ಕಾರ್ಖಾನೆಗಳಲ್ಲಿ ದುಡಿಯುವವರು, ದುಡಿದವರು ಹಲವರಿದ್ದೀರಿ. ನಿಮ್ಮ ಒಂದು ಪಾಳಿಯ ಕತೆ ಬರೆಯಿರಿ. ಏನೂ ಆಗದೆ ಹೋದ ಪಾಳಿ, ಯಾರೋ ಒಬ್ಬರು ಒಂದು ವಾಲ್ವನ್ನು ಮತ್ತೊಮ್ಮೆ ನೋಡಿದ್ದರಿಂದ ಏನೂ ಆಗದೆ ಹೋದ ಪಾಳಿ. ಕಂಪನಿಯ ಹೆಸರು ಬೇಡ, ವಾಲ್ವಿನ ಹೆಸರು ಇರಲಿ. ಕನ್ನಡದಲ್ಲಿ ಅದಕ್ಕೆ ಪದ ಸಿಗದಿದ್ದರೆ ವಾಲ್ವ್ ಎಂದೇ ಬರೆಯಿರಿ, ಪರವಾಗಿಲ್ಲ.

ಮೊದಲ ಬರಹ ಈಗಾಗಲೇ ಬಂದಿದೆ. ನೈಟ್ ಶಿಫ್ಟ್ ಎಲ್ಲಿದೆ ಎಂದು ಕೇಳಿದ ಹಿರಿಯರದ್ದು, ಕೈಬರಹದ ಆರು ಪುಟ. ಮುಂದಿನ ಸಂಚಿಕೆಯಲ್ಲಿ ಓದಿರಿ.